ನನ್ನ ಹೆಸರಿನ ಬಾಡಿಗೆ

"ಏನ್ರೀ ಸಾಹುಕಾರ್ರೇ, ವರ್ಷಕ್ಕೆ ನಾಲ್ಕು ಲಕ್ಷ ಎಂಬತ್ತು ಸಾವಿರ ಕೂತ್ಕೊಂಡು ತಿಂತೀರ, ಆಮೇಲೆ ಇಲ್ಲಿ ಬಡವರ ಶೆಡ್ಡಿಗೂ ಬಾಯಿ ಹಾಕೋಕೆ ಬರ್ತೀರ. ಮಾನ ಮರ್ಯಾದೆ ಏನಾದ್ರೂ ಇದೆಯಾ?"

ನಗರಸಭೆಯ ಮೂರನೇ ಕೌಂಟರಿನ ಗುಮಾಸ್ತ ಇದನ್ನು ನನ್ನ ಕಿವಿಯಲ್ಲಿ ಹೇಳಲಿಲ್ಲ. ಗಾಜಿನ ಆಚೆ ಅವನ ಬಾಯಿಗೆ ಒಂದು ಮೈಕು, ಈಚೆ ನಮ್ಮ ತಲೆಯ ಮೇಲೆ ಒಂದು ಸ್ಪೀಕರು. ಹಿಂದೆ ನಲವತ್ತು ಜನ ಇದ್ದರು. ಕತ್ತರಿ ಸಾಣೆ ಹಿಡಿಯುವವನು, ಬೀಗದ ಕೈ ಮಾಡುವ ಅಪ್ಪ-ಮಗ, ಬ್ಯಾಗಿನ ಜಿಪ್ಪು ಹಾಕುವ ಹೆಂಗಸು, ಎಲ್ಲರೂ ನಮ್ಮ ಬೀದಿಯವರೇ. ನನ್ನ ಬೆನ್ನಿಗೇ ಛತ್ರಿ ರಿಪೇರಿಯ ಛತ್ರಿಯಣ್ಣ.

"ಯಾವ ನಾಲ್ಕು ಲಕ್ಷ?" ಎಂದೆ.

ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ನನ್ನ ಹೆಸರು, ನನ್ನ ತಂದೆಯ ಹೆಸರು, ನನ್ನ ಹುಟ್ಟಿದ ದಿನ, ಕೊನೆಗೆ ಒಂದು ಅಂಕಿ. "ತೆರಿಗೆ ಇಲಾಖೆಯ ದಾಖಲೆ. ನಾನು ಬರೆದಿದ್ದಲ್ಲ. ಟ್ರಸ್ಟಿನಿಂದ ಬಂದ ಆದಾಯ, ಮೂರು ವರ್ಷದಿಂದ. ಈ ಶೆಡ್ಡು ವರ್ಷಕ್ಕೆ ಎರಡು ಲಕ್ಷದ ಒಳಗಿನವರಿಗೆ. ಮುಂದಿನವರು ಬನ್ನಿ."

"ನನಗೆ ಒಂದು ಬಿಡಿಗಾಸೂ ಬಂದಿಲ್ಲ!"

"ಹಂಗಾದ್ರೆ ಇದು ತಪ್ಪು ಅಂತ ತೆರಿಗೆಯವರ ಹತ್ರ ಬರೆಸ್ಕೊಂಡು ಬನ್ನಿ. ಇಲ್ಲಾಂದ್ರೆ ತಕರಾರು ಅರ್ಜಿ ಕೊಟ್ಟು ಅದರ ಸ್ವೀಕೃತಿ ತನ್ನಿ, ನಿಮ್ಮ ನಂಬರ್ ಹಿಡಿದಿಡ್ತೀವಿ. ಶುಕ್ರವಾರ ನಾಲ್ಕು ಗಂಟೆ ಒಳಗೆ. ಆಮೇಲೆ ಬಂದು ಅಳಬೇಡಿ."

ತಿರುಗಿದರೆ ಛತ್ರಿಯಣ್ಣ ಹಲ್ಲು ಬಿಟ್ಟುಕೊಂಡು ನಿಂತಿದ್ದ. "ಲೋ ಮೊಳೆ, ಅಷ್ಟು ದುಡ್ಡು ಇಟ್ಕೊಂಡು ಹೋದ ವಾರ ನನ್ನ ಹತ್ರ ಟೀಗೆ ಸಾಲ ಮಾಡಿದ್ಯಲ್ಲೋ!" ನಲವತ್ತು ಜನ ನಕ್ಕರು. ಜಿಪ್ಪಿನ ಹೆಂಗಸು ಮಾತ್ರ ನಗಲಿಲ್ಲ, ನನ್ನನ್ನು ಮೇಲಿಂದ ಕೆಳಗೆ ಕಳ್ಳನನ್ನು ನೋಡುವಂತೆ ನೋಡಿದಳು.

ನಾನು ಸೋಫಾ, ಕುರ್ಚಿ ರಿಪೇರಿ ಮಾಡುವವನು. ಕುಸಿದ ಸ್ಪ್ರಿಂಗು ಕಟ್ಟುತ್ತೇನೆ, ಫೋಮು ಬದಲಿಸುತ್ತೇನೆ, ಮೇಲೆ ರೆಕ್ಸಿನ್ನೋ ಬಟ್ಟೆಯೋ ಎಳೆದು ಹೊದಿಸುತ್ತೇನೆ. ಕೆಲಸ ಮಾಡುವಾಗ ಬಾಯಲ್ಲಿ ಹತ್ತು ಹನ್ನೆರಡು ಸಣ್ಣ ಮೊಳೆ ಇಟ್ಟುಕೊಂಡಿರುತ್ತೇನೆ, ಅದಕ್ಕೇ ಬೀದಿಯಲ್ಲಿ ನನ್ನ ಹೆಸರು ಮೊಳೆ. ಐದು ವರ್ಷದಿಂದ ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಕೆಳಗೆ ಕೂತು ದುಡಿಯುತ್ತಿದ್ದೇನೆ. ಮೂರು ಸೀಟಿನ ಸೋಫಾ ಬಂದರೆ ಅದು ಒಳಗೆ, ನಾನು ಹೊರಗೆ. ಈಗ ಆ ಜಾಗದಲ್ಲಿ ಲಿಫ್ಟು ಬರುತ್ತದಂತೆ. ತಿಂಗಳ ಕೊನೆಗೆ ಜಾಗ ಬಿಡು ಎಂದಿದ್ದಾರೆ. ನಗರಸಭೆಯ ಶೆಡ್ಡು ಸಿಕ್ಕರೆ ಕಸುಬು ಉಳಿಯುತ್ತದೆ, ಇಲ್ಲದಿದ್ದರೆ ಕತ್ತರಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಯಾವುದಾದರೂ ಫರ್ನಿಚರ್ ಅಂಗಡಿಯಲ್ಲಿ ಮೂಟೆ ಹೊರಬೇಕು.

ಟ್ರಸ್ಟು ಎಂದರೆ ಏನೆಂದು ಗೊತ್ತಿರಲಿಲ್ಲ ಎಂದು ಹೇಳಲಾರೆ. ಅಮ್ಮನ ಅಪ್ಪ, ನಮ್ಮ ತಾತ, ಆರು ಮಳಿಗೆಯ ಒಂದು ಕಟ್ಟಡ ಬಿಟ್ಟುಹೋಗಿದ್ದರು. ಅಮ್ಮ ಆಗಲೇ ತೀರಿಕೊಂಡಿದ್ದಳು. ಆದ್ದರಿಂದ ಬಾಡಿಗೆ ಮಗಳ ಮಕ್ಕಳಿಗೆ, ಅಂದರೆ ಅಕ್ಕನಿಗೆ ಮತ್ತು ನನಗೆ. ಯಾರಿಗೆ ಎಷ್ಟು ಬೇಕೋ ನೋಡಿ ಕೊಡುವ ಜವಾಬ್ದಾರಿ ಸೋದರಮಾವನಿಗೆ. ಹಾಗೆಂದು ಬರೆದಿಟ್ಟಿದ್ದರು. ಮಾವ ಮೂವತ್ತು ವರ್ಷ ಶಾಲೆಯಲ್ಲಿ ಹೆಡ್‌ಮಾಸ್ಟರು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನಪ್ಪಾ ಎಂಟನೇ ಕ್ಲಾಸು" ಎನ್ನುತ್ತಿದ್ದರು. ಬಾಡಿಗೆಯ ವಿಷಯ ನಾನು ಕೇಳಲಿಲ್ಲ. ಬಂದದ್ದು ಕಟ್ಟಡದ ರಿಪೇರಿಗೇ ಹೋಗುತ್ತಿರಬೇಕು ಎಂದುಕೊಂಡೆ. ಕೇಳಿ ಅವರ ಬಾಯಿಗೆ ಬೀಳುವುದಕ್ಕಿಂತ ಸುಮ್ಮನಿರುವುದು ಮೇಲು ಅನಿಸಿತ್ತು.

ಆ ಮಧ್ಯಾಹ್ನವೇ ಟ್ರಸ್ಟಿನ ಲೆಕ್ಕ ಬರೆಯುವ ಆಡಿಟರ್ ಮೇಡಂ ಕಚೇರಿಗೆ ಹೋದೆ. ಎರಡು ಕೋಣೆ, ಛಾವಣಿ ಮುಟ್ಟುವಷ್ಟು ಫೈಲು. ಮೇಡಂ ಐವತ್ತರ ಮೇಲಿನವರು, ಕನ್ನಡಕ ಹಣೆಯ ಮೇಲೆ. ಅವರ ಎದುರು ನಾನು ಕೂತ ಕುರ್ಚಿಯ ಫೋಮು ಕರುಳಿನಂತೆ ಹೊರಗೆ ಬಂದಿತ್ತು.

"ನೀನೇನಾ ಅದು?" ಎಂದರು. "ಮೂರು ವರ್ಷದಿಂದ ನಿನ್ನ ತೆರಿಗೆ ಪತ್ರ ತುಂಬ್ತಿದೀನಿ, ಮುಖ ಇವತ್ತೇ ನೋಡಿದ್ದು."

"ನಾನು ಯಾವ ತೆರಿಗೆನೂ ಕಟ್ಟಿಲ್ಲ ಮೇಡಂ."

"ನೀನು ಕಟ್ಟಿಲ್ಲ. ನಿನ್ನ ಹೆಸರಲ್ಲಿ ಟ್ರಸ್ಟು ಕಟ್ಟಿದೆ."

"ನನಗೆ ತಿಳಿಯೋ ಹಾಗೆ ಹೇಳಿ. ಇಂಗ್ಲಿಷಲ್ಲಿ ಬೇಡ, ಮಾವನ ಭಾಷೆಯಲ್ಲೂ ಬೇಡ."

ಅವರು ಕನ್ನಡಕ ಇಳಿಸಿದರು. "ಬಾಡಿಗೆ ಅಂದ್ರೆ ನೀರು ಅಂದ್ಕೋ. ಟ್ರಸ್ಟು ಒಂದು ಟ್ಯಾಂಕು. ವರ್ಷದ ಕೊನೆಗೆ ನೀರು ಟ್ಯಾಂಕಲ್ಲೇ ನಿಂತಿದ್ರೆ ತೆರಿಗೆ ಟ್ಯಾಂಕಿನ ಮೇಲೆ. ಅದು ದುಬಾರಿ, ನೂರಕ್ಕೆ ನಲವತ್ತು. ಯಾರಿಗಾದ್ರೂ ಹಂಚಿದ್ರೆ ತೆರಿಗೆ ಟ್ಯಾಂಕಿಗಲ್ಲ, ಹಿಡ್ಕೊಂಡೋರ ಬಕೆಟ್ಟಿಗೆ. ಬಕೆಟ್ಟಲ್ಲಿ ಮೊದಲೇ ಎಷ್ಟು ನೀರಿದೆ ಅಂತ ನೋಡಿ ದರ ಹಾಕ್ತಾರೆ. ನಿಮ್ಮಕ್ಕ ಆಸ್ಪತ್ರೆ ಲ್ಯಾಬಲ್ಲಿ ಒಳ್ಳೆ ಸಂಬಳ ತಗೋತಾಳೆ, ಅವಳ ಬಕೆಟ್ಟು ಮುಕ್ಕಾಲು ತುಂಬಿದೆ. ಅವಳದಕ್ಕೆ ಸುರಿದ್ರೆ ನೂರಕ್ಕೆ ಮೂವತ್ತು. ನಿನ್ನದು..."

"ನನ್ನದು ಖಾಲಿ."

"ನಿನ್ನದಕ್ಕೆ ಎಂಟು."

"ಕಟ್ಟಡಾನೇ ಮಾರಿ ಹಂಚಿದ್ರೆ?"

"ಅದು ಬೇರೆ ಲೆಕ್ಕ. ಮೂಲಧನ ಹಂಚಿದ್ರೆ ಅದು ನಿನ್ನ ಆದಾಯ ಅಲ್ಲ. ಟ್ಯಾಂಕನ್ನೇ ಒಡೆದು ತಗಡು ಕೊಟ್ಟ ಹಾಗೆ. ಇಲ್ಲಿ ಹಂಚಿರೋದು ಬರೀ ಬಾಡಿಗೆ. ಪೂರ್ತಿ ನಿನ್ನ ಹೆಸರಿಗೆ."

ಫೈಲಿನಿಂದ ಮೂರು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಹಣ ಸ್ವೀಕರಿಸಿದ್ದೇನೆ ಎಂಬ ಪತ್ರಗಳು. ಕೆಳಗೆ ನನ್ನ ಸಹಿ. ಖೋಟಾ ಅಲ್ಲ, ನನ್ನದೇ. ಕೊನೆಯ ಅಕ್ಷರದ ಬಾಲ ಹಾಗೆ ಎಳೆಯುವವನು ಊರಿಗೆ ನಾನೊಬ್ಬನೇ.

ಆಗ ನೆನಪಾಯಿತು. ವರ್ಷಕ್ಕೊಮ್ಮೆ ಮಾವ ಮೆಟ್ಟಿಲಿನ ಹತ್ತಿರ ಬರುತ್ತಿದ್ದರು, ಸ್ಕೂಟರಿನಿಂದ ಇಳಿಯದೆ ಕಾಗದ ಚಾಚುತ್ತಿದ್ದರು. "ಟ್ರಸ್ಟಿನದು, ಸೈನ್ ಹಾಕು." ನನ್ನ ಬಾಯಲ್ಲಿ ಮೊಳೆ, ಎದುರಿಗೆ ಗಿರಾಕಿ. ನಾನು ಓದುವುದು ನಿಧಾನ, ಬೆರಳಿಟ್ಟು ಓದಬೇಕು. ಏನಿದು ಎಂದು ಕೇಳಿದರೆ "ಓದಿ ಹೇಳ್ಲಾ?" ಎಂದು ಗಿರಾಕಿಯ ಮುಂದೆ ನಗುತ್ತಾರೆ. ಅದಕ್ಕೆ ನಾನು ಕಣ್ಣಾಡಿಸಿದಂತೆ ನಟಿಸಿ ಗೀಚುತ್ತಿದ್ದೆ. ಹೇಳಿದರೂ ಇವನಿಗೆ ಅರ್ಥವಾಗದು ಎಂದು ಅವರು ಹೇಳಲಿಲ್ಲ. ಅರ್ಥವಾಗದವನೆಂದು ತೋರಬಾರದೆಂದು ನಾನು ಕೇಳಲಿಲ್ಲ. ಮೂರು ವರ್ಷ ಹೀಗೇ ಸಾಗಿತು.

"ಹಾಗಾದ್ರೆ ನೀರು ಎಲ್ಲಿಗೆ ಹೋಯ್ತು?"

ಮೇಡಂ ಫೈಲಿನಿಂದ ಬ್ಯಾಂಕಿನ ಪಟ್ಟಿ ಎಳೆದು ಬೆರಳಾಡಿಸಿ, ಪೆನ್ನಿನ ಮುಚ್ಚಳ ಎರಡು ಸಲ ತೆಗೆದು ಹಾಕಿದರು. "ಈ ಪಟ್ಟಿ ನಾನೂ ಇವತ್ತೇ ನೋಡ್ತಿರೋದು. ನಿಮ್ಮಕ್ಕನ ಖಾತೆಗೆ. ಮೇಷ್ಟ್ರು ಸ್ವೀಕೃತಿ ತಂದ್ಕೊಟ್ರು, ನಾನು ಬರೆದೆ. ಮೊದಲೇ ನೋಡಬೇಕಿತ್ತು. ನನ್ನದೂ ತಪ್ಪೇ."

ನನಗೆ ಯಾರನ್ನಾದರೂ ಹೊಡೆಯಬೇಕು ಅನಿಸಿತು. ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ, ಕುರ್ಚಿ ಒಂದೇ ಇತ್ತು. ಎದ್ದು ಅದನ್ನು ತಲೆಕೆಳಗು ಮಾಡಿ ಫೋಮನ್ನು ಒಳಗೆ ತುರುಕಿ, ಜೇಬಿನಲ್ಲಿದ್ದ ಮೊಳೆಗಳಿಂದ ಅಂಚನ್ನು ಬಡಿದೆ. ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟೇ ಸುತ್ತಿಗೆ. ಮೇಡಂ ತಡೆಯಲಿಲ್ಲ.

"ಫೀಸು ಇದೇ," ಎಂದೆ. "ಈಗ ಹೇಳಿ. ಇದನ್ನ ತಿದ್ದೋದು ಹೆಂಗೆ?"

ಎರಡು ದಾರಿ ಇತ್ತು. ಮಾವ ತಾವಾಗಿಯೇ ತಪ್ಪಾಗಿದೆ ಎಂದು ತಿದ್ದುಪಡಿ ಕೊಡುವುದು ಒಂದು. ದಂಡ ಕಡಿಮೆ, ಅಕ್ಕನ ಹೆಸರಿಗೆ ಆದಾಯ ಹೋಗುತ್ತದೆ, ವ್ಯತ್ಯಾಸದ ತೆರಿಗೆ ಕಂತಿನಲ್ಲಿ ಕಟ್ಟಬಹುದು. ನಾನೇ ತಕರಾರು ಅರ್ಜಿ ಕೊಡುವುದು ಇನ್ನೊಂದು. ಆಗ ಇಲಾಖೆ ಮೂರು ವರ್ಷವನ್ನೂ ಬಿಚ್ಚುತ್ತದೆ, ದಂಡ ಹಾಕುತ್ತದೆ, ಮುಗಿಯುವ ತನಕ ಟ್ರಸ್ಟು ಯಾರಿಗೂ ಒಂದು ಪೈಸೆ ಕೊಡುವ ಹಾಗಿಲ್ಲ. "ವರ್ಷ ಆಗಬಹುದು," ಎಂದರು ಮೇಡಂ. "ಮೊದಲು ಮೇಷ್ಟ್ರನ್ನ ಕೇಳು. ಸಮಾಧಾನವಾಗಿ ಕೇಳು."

ಸಮಾಧಾನವಂತೆ! ರಾತ್ರಿಯಿಡೀ ಮಗ್ಗುಲು ಬದಲಿಸಿದ್ದೇ ಆಯಿತು. ನನ್ನ ಬಡತನಕ್ಕೆ ಅಷ್ಟು ಬೆಲೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಮೂವತ್ತರಲ್ಲಿ ಎಂಟು ಕಳೆದರೆ ನೂರಕ್ಕೆ ಇಪ್ಪತ್ತೆರಡು. ನಾನು ಹಸಿದಷ್ಟೂ ಅವರಿಗೆ ಉಳಿತಾಯ.

ಬುಧವಾರ ಬೆಳಿಗ್ಗೆ ಎಂಟಕ್ಕೇ ಮಾವನ ಮನೆಯ ಗಂಟೆ ಒತ್ತಿದೆ. ಅತ್ತೆ ಬಾಗಿಲು ತೆರೆದು "ಬಾರೋ, ತಿಂಡಿ ತಿನ್ನು" ಎಂದರು. ಬೇಡ ಎಂದೆ. ಮಾವ ಪತ್ರಿಕೆ ಓದುತ್ತ ಕೂತಿದ್ದರು, ಕೈಯಲ್ಲಿ ಕೆಂಪು ಪೆನ್ನು. ಪತ್ರಿಕೆಯ ತಪ್ಪುಗಳಿಗೂ ಸುತ್ತು ಹಾಕುವ ಮನುಷ್ಯ ಅವರು.

"ಏನಪ್ಪಾ ಎಂಟನೇ ಕ್ಲಾಸು, ಸೂರ್ಯ ಯಾವ ಕಡೆ ಹುಟ್ಟಿದ?"

"ನನ್ನ ಬಾಡಿಗೆ ಎಲ್ಲಿ ಮಾವ?"

ಪತ್ರಿಕೆ ಮಡಿಸಿದರು. ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು. "ಅಕ್ಕನಿಗೆ ಕೊಟ್ಟೆ. ಅವಳ ಮಗೂಗೆ ಕಿವಿ ಕೇಳಲ್ಲ, ಗಂಡ ಬಿಟ್ಟುಹೋಗಿದ್ದಾನೆ, ಆ ಯಂತ್ರ, ಮಾತು ಕಲಿಸೋ ಕ್ಲಾಸು, ಎಷ್ಟು ಖರ್ಚು ಗೊತ್ತಾ ನಿಂಗೆ? ಯಾರಿಗೆ ಬೇಕೋ ನೋಡಿ ಕೊಡು ಅಂತ ಅಪ್ಪ ಬರೆದಿದ್ರು. ನೋಡಿ ಕೊಟ್ಟೆ."

"ಕೊಟ್ಟಿದ್ದಕ್ಕೆ ನಾನು ಬೇಡ ಅನ್ನಲಿಲ್ಲ. ನನ್ನ ಹೆಸರಲ್ಲಿ ಯಾಕೆ ಬರೆದ್ರಿ?"

"ಅವಳ ಹೆಸರಲ್ಲಿ ಬರೆದಿದ್ರೆ ವರ್ಷಕ್ಕೆ ಒಂದು ಲಕ್ಷ ಜಾಸ್ತಿ ತೆರಿಗೆಗೆ ಹೋಗ್ತಿತ್ತು. ಅದು ಮಗೂ ದುಡ್ಡು! ನಿನ್ನ ತೆರಿಗೆನೂ ಟ್ರಸ್ಟೇ ಕಟ್ಟಿದೆ, ನಿನ್ನ ಗಂಟೇನು ಹೋಯ್ತು?"

"ನನ್ನ ಶೆಡ್ಡು ಹೋಯ್ತು."

ಶೆಡ್ಡಿನ ವಿಷಯ ಹೇಳಿದೆ. ಗುಮಾಸ್ತ, ಮೈಕು, ನಲವತ್ತು ಜನ, ಶುಕ್ರವಾರ, ಎಲ್ಲವನ್ನೂ. ಕೇಳುತ್ತ ಅವರ ಮುಖದಲ್ಲಿ ಏನೋ ಒಂದು ಸರಿದುಹೋಯಿತು. ಆಗ ಅವರು "ಗೊತ್ತಿರಲಿಲ್ಲ ಕಣೋ" ಎಂದಿದ್ದರೆ ಸಾಕಿತ್ತು. ನಾನು ನೆಲಕ್ಕೆ ಕೂತು ಅತ್ತೆಯ ತಿಂಡಿ ತಿಂದು ಹೋಗುತ್ತಿದ್ದೆ.

"ತಪ್ಪು ಬರೆದೆ ಅಂತ ನಾನು ಬರ್ಕೊಡಬೇಕಾ?" ಎಂದರು. "ಮೂವತ್ತು ವರ್ಷ ಇನ್ನೊಬ್ಬರ ತಪ್ಪು ತಿದ್ದಿದ ಕೈ ಇದು. ಸೈನ್ ಹಾಕಿದ್ದು ನೀನು. ಓದದೇ ಸೈನ್ ಹಾಕೋನು ಆಮೇಲೆ ಬೊಬ್ಬೆ ಹೊಡಿಬಾರದು. ಅದಕ್ಕೇ ಹೇಳಿದ್ದು, ಶಾಲೆ ಬಿಡಬೇಡ ಅಂತ."

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಬುದ್ಧಿ ಯಾವ ಶಾಲೇಲಿ ಕಲಿಸ್ತಾರೆ ಮಾವ?"

ಅತ್ತೆ ಅಡಿಗೆಮನೆಯಿಂದ "ಅಯ್ಯೋ" ಎಂದದ್ದು ಕೇಳಿಸಿತು. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ.

ಗುರುವಾರ ಏನೂ ಕೆಲಸ ಆಗಲಿಲ್ಲ. ಒಂದು ದಿವಾನದ ಬಟ್ಟೆಯನ್ನು ತಿರುವುಮುರುವು ಕತ್ತರಿಸಿ ಎರಡು ಮೀಟರು ಹಾಳು ಮಾಡಿದೆ. ಛತ್ರಿಯಣ್ಣ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಅಷ್ಟರಲ್ಲಿ ವಿಷಯ ತಿಳಿದಿತ್ತು. "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ನಿಮ್ಮನೇಲಿ ಪೂಜಾರಿ ಕೊಟ್ಟೂ ಬಿಟ್ಟಿದಾನೆ, ನಿನ್ನ ಹೆಸರಿಗೆ ಚೀಟಿ, ಪಕ್ಕದೋರಿಗೆ ಪ್ರಸಾದ," ಎಂದ. ನಗು ಬರಲಿಲ್ಲ. ಸಂಜೆ ಅಕ್ಕನ ಮನೆಯ ಬೀದಿಯ ತುದಿಯವರೆಗೆ ಹೋದೆ. ಮೂರು ಸಲ ಹೋದೆ, ಮೂರು ಸಲ ವಾಪಸು ಬಂದೆ. ಏನೆಂದು ಹೇಳುವುದು? ಆರು ವರ್ಷದ ಅವಳ ಮಗಳು ಎರಡು ವರ್ಷ ಆ ಕ್ಲಾಸಿಗೆ ಹೋದ ಮೇಲೆ ನನ್ನನ್ನು ಮೊದಲ ಸಲ "ಮಾಮ" ಎಂದಿದ್ದಳು. ಅವಳಿಗೆ ನಾನೂ ಒಬ್ಬ ಸೋದರಮಾವ.

ಶುಕ್ರವಾರ ಹನ್ನೊಂದಕ್ಕೆ ತೆರಿಗೆ ಕಚೇರಿಯಲ್ಲಿ ತಕರಾರು ಅರ್ಜಿ ಕೊಟ್ಟೆ. ನನ್ನ ಕೈಯಿಂದಲೇ ಬರೆದದ್ದು, ಐದು ಸಾಲು. "ಈ ಹಣ ನನಗೆ ಬಂದಿಲ್ಲ. ಸಹಿ ನನ್ನದೇ, ಓದದೆ ಹಾಕಿದ್ದು." ಸ್ವೀಕೃತಿಯ ಮೇಲೆ ಮುದ್ರೆ ಒತ್ತಿದ ಹುಡುಗಿ, ಏಳು ದಿನದೊಳಗೆ ಬೇಕಾದರೆ ಹಿಂದಕ್ಕೆ ಪಡೆಯಬಹುದು ಎಂದಳು. ಅದರ ಪ್ರತಿಯನ್ನು ಎರಡು ಗಂಟೆಗೆ ಮೂರನೇ ಕೌಂಟರಿನಲ್ಲಿ ಕೊಟ್ಟೆ. ಗುಮಾಸ್ತ ಈ ಸಲ ಮೈಕು ಆರಿಸಿ "ಸರಿ, ನಂಬರ್ ಹಿಡಿದಿದೀವಿ" ಎಂದ. ಬೈಯುವಾಗ ಊರಿಗೆಲ್ಲ ಕೇಳಬೇಕು, ಸರಿ ಎನ್ನುವಾಗ ಪಿಸುಮಾತು.

ಐದು ಗಂಟೆಗೆ ಮೇಡಂ ಫೋನು. "ನಿನ್ನ ಅರ್ಜಿ ವಿಷಯ ಇಲಾಖೆಯಿಂದ ತಿಳೀತು. ಬಾಪ್ಪ, ಎಲ್ಲರೂ ಇಲ್ಲೇ ಇದಾರೆ."

ಹೋದಾಗ ಮಾವ ನಾನು ಮೊಳೆ ಹೊಡೆದ ಕುರ್ಚಿಯಲ್ಲೇ ಕೂತಿದ್ದರು. ಅಕ್ಕ ಗೋಡೆಯ ಕಡೆ, ಲ್ಯಾಬಿನ ಬಿಳಿ ಕೋಟನ್ನೂ ತೆಗೆದಿರಲಿಲ್ಲ. ಕಣ್ಣು ಕೆಂಪಾಗಿದ್ದವು.

"ನಿಂಗೂ ಅರ್ಧ ಬರ್ತಿದೆ ಅಂದ್ಕೊಂಡಿದ್ದೆ ಕಣೋ," ಎಂದಳು. "ಇಷ್ಟು ದುಡ್ಡಿದ್ರೂ ಇವನು ಮೆಟ್ಟಿಲ ಕೆಳಗೆ ಕೂರ್ತಾನಲ್ಲ, ಎಂಥ ಜಿಪುಣ ಅಂತ ಎಷ್ಟು ಸಲ ಬೈಕೊಂಡಿದೀನಿ."

"ನಾನು ನಿಂಗೆ ಸಂಬಳ ಮಾತ್ರ ಅಂದ್ಕೊಂಡಿದ್ದೆ," ಎಂದೆ.

ಮಾವ ಗಂಟಲು ಸರಿಮಾಡಿಕೊಂಡು ಒಂದು ಕಾಗದ ಮುಂದೆ ತಳ್ಳಿದರು. "ನೋಡು, ದಾರಿ ಇದೆ. ಆ ದುಡ್ಡು ನಿಂಗೆ ಬಂತು, ನೀನು ಪ್ರೀತಿಯಿಂದ ಅಕ್ಕನಿಗೆ ದಾನ ಕೊಟ್ಟೆ ಅಂತ ಇದರಲ್ಲಿದೆ. ಸೈನ್ ಹಾಕಿ ಅರ್ಜಿ ವಾಪಸ್ ತಗೋ. ನಿಂಗೆ ಶೆಡ್ಡು ತಾನೆ ಬೇಕು? ನಮ್ಮ ಕಟ್ಟಡದಲ್ಲಿ ಮೂರನೇ ಮಳಿಗೆ ಖಾಲಿ ಇದೆ. ಬಾಡಿಗೆ ಇಲ್ದೆ ಕೊಡ್ತೀನಿ, ಬದುಕಿರೋ ತನಕ ಕೂತ್ಕೋ."

"ಯಾವಾಗಿಂದ ಖಾಲಿ?"

"ಎಂಟು ತಿಂಗಳಾಯ್ತೇನೋ."

ಎಂಟು ತಿಂಗಳು. ತಾತನ ಕಟ್ಟಡ, ನಮಗೆಂದೇ ಬರೆದಿಟ್ಟದ್ದು. ಅಲ್ಲಿ ಷಟರು ಎಳೆದ ಮಳಿಗೆ, ಇಲ್ಲಿ ಮೆಟ್ಟಿಲಿನ ಕೆಳಗೆ ನಾನು. ಆ ಎಂಟು ತಿಂಗಳಲ್ಲಿ ಅವರಿಗೆ ಒಂದು ದಿನವೂ ನೆನಪಾಗಲಿಲ್ಲ, ನಾನೊಂದು ಅರ್ಜಿ ಕೊಟ್ಟ ಕೂಡಲೇ ನೆನಪಾಯಿತು.

ಕಾಗದ ಕೈಗೆತ್ತಿಕೊಂಡೆ. ಮೇಡಂ "ಓದ್ಲಾ?" ಎನ್ನಲು ಬಾಯಿ ತೆರೆದರು, ನಾನು ತಲೆ ಅಲ್ಲಾಡಿಸಿದೆ. ಬೆರಳಿಟ್ಟು ಓದಲು ಶುರು ಮಾಡಿದೆ. ಒಂದೊಂದೇ ಪದ, ಕೆಲವನ್ನು ತುಟಿಯಲ್ಲಿ ಒಡೆದು. ಒಂದೂವರೆ ಪುಟ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ ಹೋಯಿತು. ಮಾವ ಎರಡು ಸಲ ಕೆಮ್ಮಿದರು, ಒಂದು ಸಲ ಪೆನ್ನು ಉರುಳಿಸಿದರು. ನಾನು ನಿಲ್ಲಿಸಲಿಲ್ಲ. ಮೂವತ್ತು ವರ್ಷ ಮಕ್ಕಳು ಬೆರಳಿಟ್ಟು ಓದುವುದನ್ನು ಕಂಡವರು ಇನ್ನೊಂದು ಹನ್ನೊಂದು ನಿಮಿಷ ಕಾಯಲಿ. 'ನನ್ನ ಸ್ವಂತ ಇಚ್ಛೆಯಿಂದ' ಎಂಬ ಮಾತು ನಾಲ್ಕು ಕಡೆ ಇತ್ತು. ಒಂದು ಕಡೆಯೂ ನಿಜ ಇರಲಿಲ್ಲ.

"ಅರ್ಥ ಆಯ್ತೇನಪ್ಪಾ, ಎಂಟನೇ ಕ್ಲಾಸು?" ಎಂದರು ಮಾವ. ಹೀಯಾಳಿಸಬೇಕೆಂದು ಅಂದದ್ದಲ್ಲ. ಅಭ್ಯಾಸಕ್ಕೆ ಬಂದ ಮಾತು. ಆದರೂ ಅಕ್ಕ ಅವರ ಕಡೆ ಸರಕ್ಕನೆ ತಿರುಗಿದಳು.

ಕಾಗದವನ್ನು ಮಡಿಸದೆ, ಹರಿಯದೆ, ಅವರ ಮುಂದೆಯೇ ಇಟ್ಟೆ. ಪೆನ್ನನ್ನು ಅದರ ಮೇಲಿಟ್ಟೆ.

"ಮರಿ," ಎಂದಳು ಅಕ್ಕ. ಅಮ್ಮ ಹೋದ ಮೇಲೆ ಹಾಗೆ ಕರೆಯುವವಳು ಅವಳೊಬ್ಬಳೇ. "ನೀನು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಸೋಮವಾರದಿಂದ ಅವಳ ಕ್ಲಾಸಿಗೆ ನಾನು ಏನು ಕಟ್ಲಿ? ಅದೊಂದು ಹೇಳು. ಅರ್ಜಿ ವಾಪಸ್ ತಗೋತೀಯಾ, ಇಲ್ವಾ?"

ಮಾವನಿಗೆ ಕೊಡಬೇಕಾದ ಉತ್ತರಗಳು ನಾಲಿಗೆಯ ತುದಿಯಲ್ಲಿ ಹತ್ತು ಇದ್ದವು, ಮೂರು ದಿನದಿಂದ ಮಸೆದು ಇಟ್ಟಿದ್ದವು. ಅವಳಿಗೆ ಕೊಡಲು ಒಂದೂ ಇರಲಿಲ್ಲ. ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳ ಮುಖ ನೋಡಿ ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ.

ಕುರ್ಚಿ ಹಿಂದಕ್ಕೆ ಸರಿಸಿ ಎದ್ದೆ. "ಏ, ಕೇಳ್ತಿದಾಳಲ್ಲೋ, ಏನಾದ್ರೂ ಹೇಳೋ!" ಎಂದು ಮಾವ ಅಂದದ್ದು ಬಾಗಿಲ ಹತ್ತಿರ ಕೇಳಿಸಿತು. ಮೆಟ್ಟಿಲು ಎರಡೆರಡಾಗಿ ಇಳಿದು ಬೀದಿಗೆ ಬಂದೆ. ಮೇಲಿನ ಕಿಟಕಿ ತೆರೆದ ಸದ್ದಾಯಿತು. ಅಕ್ಕ ಈ ಸಲ ನನ್ನ ನಿಜವಾದ ಹೆಸರು ಹಿಡಿದು ಕೂಗಿದಳು. ಬಸ್ಸು ನಿಲ್ಲುವ ಕಡೆಗಲ್ಲದೆ ಎದುರು ದಿಕ್ಕಿಗೆ, ಜೋರಾಗಿ ನಡೆದೆ.